ನಂದಿದುರ್ಗ, ಅಕ್ಟೋಬರ್ 19: ಕೂಲಿಗಳು ಅನಿಯಮಿತ

ಅಕ್ಟೋಬರ್ 19ರ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಂದಿದುರ್ಗದಲ್ಲಿ ಸೇರೋಣ ಎಂದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆವು. ಮೂವರು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿದೆವು. ನಾಲ್ಕನೆಯವನು ಚಿಕ್ಕಬಳ್ಳಾಪುರದವನು. ಬೈಕ್ ತಗೊಂಡು ನೇರ ನಂದಿಬೆಟ್ಟ ಹತ್ತಿ, ಮಂಜಿನಲ್ಲಿ ಸೆಲ್ಫಿ ತೆಗೆಯುವವರ ಮಧ್ಯೆ ನಿಂತು ಫೋನ್ ಮಾಡಿದ: "ಎಲ್ಲಿದೀರ್ರೋ? ನಾನು ಟಿಪ್ಪು ಡ್ರಾಪ್ ಹತ್ರ ಇದೀನಿ."

ತಪ್ಪು ಅವನದಲ್ಲ. ನಂದಿದುರ್ಗ ಎರಡಿವೆ. ಒಂದು ಬೆಟ್ಟದ ಮೇಲಿನ ಕೋಟೆ. ಇನ್ನೊಂದು ಕೆಜಿಎಫ್‌ನ ಗಣಿ ಮತ್ತು ಆ ಗಣಿಯ ಸುತ್ತ ಬೆಳೆದ ಲೈನ್ ಮನೆಗಳು. ಬ್ರಿಟಿಷರ ಕಮಿಷನರ್ ಆಳ್ವಿಕೆಯಲ್ಲಿ ಕೋಲಾರ ಜಿಲ್ಲೆ ನಂದಿದುರ್ಗ ವಿಭಾಗಕ್ಕೆ ಸೇರಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಬೆಟ್ಟವೂ ಕೋಲಾರದ್ದೇ ಆಗಿತ್ತು. ಎರಡು ನಂದಿದುರ್ಗಗಳೂ ಒಂದೇ ಜಿಲ್ಲೆಯಲ್ಲಿದ್ದವು.

ನಾವು ಸೇರಿದ್ದು ಗಣಿಯ ನಂದಿದುರ್ಗದಲ್ಲಿ, ನಮ್ಮ ಗೆಳೆಯನೊಬ್ಬನ ಮನೆಯಲ್ಲಿ. ಆಡಬೇಕೆಂದುಕೊಂಡದ್ದು ಕೋಟೆಯ ನಂದಿದುರ್ಗದ ಯುದ್ಧ. 1791ರ ಅಕ್ಟೋಬರ್ 19ಕ್ಕೆ ಆ ಕೋಟೆ ಬಿದ್ದಿತ್ತು. ಅವತ್ತಿಗೆ 234 ವರ್ಷ.

234 ಅನ್ನುವುದು ಯಾರೂ ಆಚರಿಸುವ ಸಂಖ್ಯೆಯಲ್ಲ ಎಂದು ಗೊತ್ತಿದೆ. ಆದರೆ ದಿನಾಂಕದ ಹುಚ್ಚು ನಮಗೆ ಹತ್ತಿದ್ದು ಡೆಸ್ಕಿನಲ್ಲಿ. ಕೋರ್ಸ್ ಮುಗಿಸಿ ಟ್ರೈನಿಗಳಾಗಿ ಸೇರಿದಾಗ ನಮ್ಮಲ್ಲಿಬ್ಬರಿಗೆ ಮೊದಲು ಸಿಕ್ಕ ಕೆಲಸವೇ 'ಇತಿಹಾಸದಲ್ಲಿ ಈ ದಿನ'. ಬರ, ರಾಗಿ ಬೆಲೆ, ಕೆರೆ ಒತ್ತುವರಿ ಬಗ್ಗೆ ಬರೆದರೆ "ಇದಕ್ಕೆ ಈಗ ಏನು ನೆಪ?" ಎಂದು ಕೇಳುತ್ತಿದ್ದ ಡೆಸ್ಕು, ಐವತ್ತು ತುಂಬಿತು ನೂರು ತುಂಬಿತು ಎಂದರೆ ಅರ್ಧ ಪುಟ ಬಿಡುತ್ತಿತ್ತು. ದಿನಾಂಕ ಅನ್ನುವುದು ಒಂದು ಪರವಾನಗಿ ಎಂದು ಅಲ್ಲೇ ಕಲಿತೆವು.

ಮೇಜಿನ ಮೇಲೆ ಯುದ್ಧದಾಟ ಆಡುವವರಿಗೂ ದಿನಾಂಕ ಅಂಥದ್ದೇ ಪರವಾನಗಿ. ಈ ಆಟಕ್ಕೆ ಒಳ್ಳೆಯ ವಯಸ್ಸಾಗಿದೆ. 1824ರಲ್ಲಿ ಪ್ರಷ್ಯಾದ ಸೇನೆ ಅಧಿಕಾರಿಗಳ ತರಬೇತಿಗೆ ನಕ್ಷೆ, ಕಾಯಿ, ದಾಳಗಳ ಆಟವನ್ನು ಒಪ್ಪಿಕೊಂಡಿತು. 1913ರಲ್ಲಿ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ಪುಸ್ತಕ ಮಾಡಿದ. ಅಮೆರಿಕದ ಅಂತರ್ಯುದ್ಧಕ್ಕೆ ನೂರು ವರ್ಷವಾಗುವ ಹೊತ್ತಿಗೆ, 1958ರಿಂದ 1961ರ ಒಳಗೆ, ಅವಲಾನ್ ಹಿಲ್ ಕಂಪನಿ ಗೆಟಿಸ್‌ಬರ್ಗ್ ಕದನದ ಆಟವನ್ನು ಎರಡು ಸಲ ಹೊರತಂದಿತು. 2019ರ ಜೂನ್‌ನಲ್ಲಿ, ವಾಟರ್‌ಲೂ ಕದನದ ದಿನದ ಆಸುಪಾಸು, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 22,000ಕ್ಕೂ ಹೆಚ್ಚು ಪುಟ್ಟ ಗೊಂಬೆಗಳನ್ನು ನಿಲ್ಲಿಸಿ ಆ ಕದನವನ್ನೇ ಮತ್ತೆ ಆಡಿದರು.

ಅದೇ ದಿನ ಆಡಿದರೆ ಏನು ಹೆಚ್ಚಾಗುತ್ತದೆ? ನಮ್ಮ ಮನೆಗಳಲ್ಲಿ ತಿಥಿಯ ದಿನ ಎಡೆ ಇಡುವುದಕ್ಕೂ ಬೇರೆ ದಿನ ನೆನೆಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಇದೇ ಚಳಿ, ಇದೇ ಮಂಜಿನಲ್ಲಿ ಅವರು ನಿಂತಿದ್ದರು ಅನ್ನಿಸುತ್ತದೆ. ಜೊತೆಗೆ ಇನ್ನೊಂದು ಆಸೆ. ಪುಸ್ತಕದಲ್ಲಿ ಮುಗಿದುಹೋದ ಯುದ್ಧ ಮೇಜಿನ ಮೇಲೆ ಇನ್ನೂ ಮುಗಿದಿರುವುದಿಲ್ಲ.

ನಂದಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ರಾಜ್ಯದಲ್ಲಿ ಮೈಸೂರು ಯುದ್ಧಗಳ ದಿನಾಂಕಗಳು ಸುಮ್ಮನೆ ದಿನಾಂಕಗಳಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ನಡುವಿನ ನವೆಂಬರ್‌ಗಳಲ್ಲಿ ಬಂದೋಬಸ್ತ್ ಸುದ್ದಿ ಬರೆದೇ ನಮ್ಮ ಸೀನಿಯರ್‌ಗಳ ದಿನ ಕಳೆಯುತ್ತಿತ್ತು. ಅಕ್ಟೋಬರ್ 19ರ ಬಗ್ಗೆ ಯಾರಿಗೂ ಜಗಳವಿಲ್ಲ, ಯಾಕೆಂದರೆ ಯಾರಿಗೂ ನೆನಪಿಲ್ಲ.

ನಡೆದದ್ದು ಇಷ್ಟು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿ ವಾಪಸ್ ಬಂದ. ತಿನ್ನಲು ಕಾಳಿಲ್ಲ, ಎಳೆಯಲು ಎತ್ತಿಲ್ಲ. ಕೋಟೆ ಒಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಲಂಬಾಣಿಗಳ ಎತ್ತಿನ ಹಿಂಡುಗಳು ದವಸ ಹೊತ್ತು ತಂದದ್ದರಿಂದ ಸೈನ್ಯ ಉಳಿಯಿತು. ಮತ್ತೆ ಹೋಗಬೇಕಾದರೆ ಬೆಂಗಳೂರಿನ ಸುತ್ತಲಿನ ದಾರಿ ತನ್ನ ಕೈಲಿರಬೇಕು, ಅದಕ್ಕೆ ಬೆಟ್ಟದ ಕೋಟೆಗಳು ಬೇಕು. ನಂದಿಗೆ ಮೇಜರ್ ಗೌಡಿಯನ್ನು ಕಳಿಸಿದ. (ಗೌಡಿ ಅನ್ನುವ ಹೆಸರು ಕೇಳಿ ನಮ್ಮವರೆಲ್ಲ ಅವನನ್ನು ಗೌಡ್ರು ಅಂತಲೇ ಕರೆದೆವು.) ಕೋಟೆಯ ಒಳಗೆ ಟಿಪ್ಪುವಿನ ಅಧಿಕಾರಿ ಲುತ್ಫ್ ಅಲಿ ಬೇಗ್.

ಬೆಟ್ಟ ನೋಡಿದವರಿಗೆ ಗೊತ್ತು: ಮೂರು ಕಡೆ ನೆಟ್ಟಗೆ ಬಂಡೆ. ಪಶ್ಚಿಮದ ಇಳಿಜಾರೊಂದೇ ದಾರಿ, ಅದಕ್ಕೆ ಅಡ್ಡ ಎರಡು ಸುತ್ತಿನ ಗೋಡೆ. ಆ ಇಳಿಜಾರಿನಲ್ಲಿ ಹೊಸದಾಗಿ ದಾರಿ ಕಡಿದು, ಆನೆ ಕಟ್ಟಿ, ಜನ ಕಟ್ಟಿ ಫಿರಂಗಿಗಳನ್ನು ಮೇಲೆಳೆದರು. ಮೇಲಿನವರು ಬಂಡೆ ಉರುಳಿಸಿದರು. ಸುಮಾರು ಮೂರು ವಾರ ಹೀಗೇ ನಡೆಯಿತು. ಗೋಡೆಯಲ್ಲಿ ಎರಡು ಕಡೆ ಬಿರುಕು ಬಿಟ್ಟ ಮೇಲೆ, 18ರ ರಾತ್ರಿ ಕಳೆದು ಚಂದ್ರ ಹುಟ್ಟುವ ಹೊತ್ತಿಗೆ ಜನರಲ್ ಮೆಡೋಸ್ ಮುಂದೆ ನಿಂತು ದಾಳಿ ಮಾಡಿಸಿದ. ಬೆಳಗಾಗುವುದರೊಳಗೆ ಕೋಟೆ ಹೋಯಿತು.

ಆ ರಾತ್ರಿಯ ಒಂದು ಕತೆ ನಮಗೆ ಬಲು ಇಷ್ಟ. ಗೋಡೆಯ ಬುಡದಲ್ಲಿ ಮದ್ದು ಹುದುಗಿಸಿದ್ದಾರೆ ಎಂದು ಸಿಪಾಯಿಗಳಲ್ಲಿ ಗುಸುಗುಸು ಎದ್ದಿತಂತೆ. ಇಂಗ್ಲಿಷಿನಲ್ಲಿ ಮದ್ದಿನ ಸುರಂಗಕ್ಕೂ ಗಣಿಗೂ 'ಮೈನ್' ಎಂದೇ ಹೆಸರು. ಮೆಡೋಸ್ ಅದನ್ನೇ ಹಿಡಿದು, ಮೈನ್ ಇದ್ದರೆ ಅದು ಚಿನ್ನದ ಮೈನೇ ಎಂದು ಅವರನ್ನು ನಗಿಸಿ ಮುಂದೆ ಕಳಿಸಿದನಂತೆ. ಅವನಿಗೆ ಲೂಟಿಯ ಯೋಚನೆ. ಮುಂದೆ ನಂದಿದುರ್ಗ ಎಂಬ ಹೆಸರಿನಲ್ಲೇ ನಿಜವಾಗಿ ಚಿನ್ನದ ಗಣಿ ಬರುತ್ತದೆಂದು ಅವನಿಗೇನು ಗೊತ್ತು?

ಆ ಗಣಿ ಬಂದದ್ದೂ ಯುದ್ಧದ ಬೆನ್ನಿಗೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗಡಿ ಅಳೆಯಲು ಬಂದ ಸೈನ್ಯಾಧಿಕಾರಿ ಜಾನ್ ವಾರೆನ್, 1802ರಲ್ಲಿ ಮಾರಿಕುಪ್ಪಂ ಸುತ್ತ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ವರದಿ ಬರೆದ. ಆ ವರದಿಯನ್ನು ದಶಕಗಳ ನಂತರ ಓದಿದವನು ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದಿದ್ದ ಲವೆಲ್. 1873ರಲ್ಲಿ ಅವನು ಗಣಿ ಅಗೆಯಲು ಅನುಮತಿ ಕೇಳಿದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು.

ಈಗ ಆಟಕ್ಕೆ ಬರೋಣ. ಅಂಗಡಿಯಲ್ಲಿ ಸಿಗುವ ಗೊಂಬೆ ಸೈನಿಕರ ಬೆಲೆ ನಮ್ಮ ಸಂಬಳಕ್ಕೆ ಆಗಿಬರುವುದಿಲ್ಲ. ಥರ್ಮಾಕೋಲ್ ಕಡಿದು ಬೆಟ್ಟ ಮಾಡಿದೆವು. ಮೈಸೂರಿನವರಿಗೆ ಹುಣಸೆಬೀಜ, ಕಂಪನಿಯವರಿಗೆ ಶರ್ಟಿನ ಗುಂಡಿ, ಫಿರಂಗಿಗೆ ಬೆಂಕಿಪೊಟ್ಟಣ. ಒಂದು ಸರದಿಗೆ ಒಂದು ದಿನ, ಒಟ್ಟು ಇಪ್ಪತ್ತೊಂದು ಸರದಿ. ನಿಯಮ ನಾಲ್ಕು ಪುಟ. ಬಂಗಾರಪೇಟೆಯ ಗೆಳತಿಯ ಊರು ಬೂದಿಕೋಟೆ, ಹೈದರಾಲಿ ಹುಟ್ಟಿದ ಊರು. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಕಂಪನಿಯ ಪಾಳಿ. ಮೊದಲು ಮುಖ ಸಿಂಡರಿಸಿದಳು. ಹದಿನಾಲ್ಕನೇ ಸರದಿಗೆ ಗೋಡೆ ಒಡೆದು, ಹತ್ತೊಂಬತ್ತಕ್ಕೆ ಕೋಟೆ ಹಿಡಿದಾಗ ಎದ್ದು ಕುಣಿದಳು. ಅಷ್ಟೊತ್ತಿಗೆ ಬೆಟ್ಟ ಇಳಿದು ಬಂದು ಸೇರಿದ್ದ ಚಿಕ್ಕಬಳ್ಳಾಪುರದವನೂ ಸೀಟಿ ಹೊಡೆದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಾರನೆಯ ದಿನ ನರಕ ಚತುರ್ದಶಿ, ಲೈನಿನ ಮಕ್ಕಳು ಆಗಲೇ ಪಟಾಕಿ ಹಚ್ಚುತ್ತಿದ್ದರು. ಸದ್ದಿಗೆ ಸದ್ದು ಚೆನ್ನಾಗಿ ಕೂಡಿತು.

ಗೆಳೆಯನ ತಾತ ನಂದಿದುರ್ಗ ಗಣಿಯಲ್ಲಿ ದುಡಿದವರು. ಬೆಳಗಿನಿಂದ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ.

"ಗೆದ್ದಿದ್ಯಾರಮ್ಮಾ?"

"ನಾನೇ ತಾತ, ಕಂಪನಿ."

"ಆ ಬೆಂಕಿಪೊಟ್ಟಣ ಮೇಲಕ್ಕೆ ಹೋಯ್ತಲ್ಲ, ಎಳ್ದೋರು ಯಾರು?"

ಮೊಮ್ಮಗ ನಿಯಮದ ಹಾಳೆ ತೆಗೆದು ಓದಿದ: "ಫಿರಂಗಿ ಒಂದು ಸರದಿಗೆ ಒಂದು ಮನೆ ಏರಬಹುದು. ಕೂಲಿಗಳು ಅನಿಯಮಿತ."

"ಹಂಗಂದ್ರೆ? ಲೆಕ್ಕ ಇಲ್ಲ ಅಂತಾನಾ?"

ಆಟ ಸುಲಭವಾಗಲಿ ಎಂದು ಹಾಗೆ ಬರೆದಿದ್ದೆವು ಎಂದೆವು.

ತಾತ ಬೈಯಲಿಲ್ಲ. "ನಮ್ಮಲ್ಲಿ ಇಳಿದೋರೆಷ್ಟು, ಹತ್ತಿದೋರೆಷ್ಟು, ಎರಡೂ ಸರಿ ಬರ್ಬೇಕಪ್ಪಾ. ಒಂದು ತಲೆ ಕಮ್ಮಿ ಆದ್ರೂ ಶಿಫ್ಟ್ ಮುಗಿಯಲ್ಲ. ಮೇಲ್ಗಡೆ ಹೆಂಡ್ತಿ ಮಕ್ಕಳು ನಿಂತಿರ್ತಾರೆ," ಅಂದರು. ಆಮೇಲೆ ಟೀ ಕುಡಿಯಲು ಒಳಗೆ ಹೋದರು.

ನಮಗೆ ಮುಖ ಎತ್ತಲಾಗಲಿಲ್ಲ. ಹಳ್ಳಿಯ ಸುದ್ದಿ ಬರೆಯಲು ಕಲಿತವರು ನಾವು. ಯಾರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲವೋ ಅವರ ಹೆಸರು ಬರೆಯಬೇಕು ಎಂದು ಮೂರು ಸೆಮಿಸ್ಟರ್ ಭಾಷಣ ಕೇಳಿದವರು. ನಾವೇ ಕೂತು ಮಾಡಿದ ಆಟದಲ್ಲಿ ಮೆಡೋಸ್‌ಗೆ ಒಂದು ಕಾಯಿ, ಗೌಡಿಗೆ ಒಂದು ಕಾಯಿ, ಲುತ್ಫ್ ಅಲಿ ಬೇಗ್‌ಗೆ ಒಂದು ಕಾಯಿ. ಬೆಟ್ಟಕ್ಕೆ ಫಿರಂಗಿ ಎಳೆದವರಿಗೆ ಒಂದು ಹುಣಸೆಬೀಜವೂ ಇರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕೂತೆವು. ಗೆಳೆಯನ ಅಮ್ಮನ ಹತ್ತಿರ ಒಂದು ಹಿಡಿ ಹುರುಳಿಕಾಳು ಇಸಕೊಂಡು ಅರವತ್ತು ಎಣಿಸಿದೆವು. ಫಿರಂಗಿ ಒಂದು ಮನೆ ಏರಲು ಹತ್ತು ಕಾಳು ಬೇಕು. ದಾಳದಲ್ಲಿ ಒಂದು ಬಿದ್ದರೆ ಜ್ವರ, ಎರಡು ಬಿದ್ದರೆ ಮೇಲಿಂದ ಬಂಡೆ, ಒಂದು ಕಾಳು ಹೋಯಿತು. ಹೋದದ್ದು ವಾಪಸ್ಸಿಲ್ಲ. ಲಂಬಾಣಿ ಎತ್ತುಗಳು ಬರುವ ಸರದಿಯಲ್ಲಿ ಮಾತ್ರ ಎಲ್ಲರಿಗೂ ಊಟ, ಬಾರದ ಸರದಿಯಲ್ಲಿ ಅರ್ಧ ಕೆಲಸ.

ಇಪ್ಪತ್ತೊಂದು ಸರದಿ ಮುಗಿದಾಗ ಫಿರಂಗಿಗಳು ಇನ್ನೂ ಎರಡು ಮನೆ ಕೆಳಗಿದ್ದವು. ಹುರುಳಿ ನಲವತ್ತೊಂದು ಉಳಿದಿತ್ತು. ಇದರಿಂದ ಚರಿತ್ರೆ ಬದಲಾಗುತ್ತದೆ ಎಂದು ಹೇಳುತ್ತಿಲ್ಲ, ನಮ್ಮ ಲೆಕ್ಕ ಬರೀ ಅಂದಾಜು. ಆದರೆ ಬೆಳಗಿನ ಆಟದಲ್ಲಿ ಕಾಣದ ಒಂದು ವಿಷಯ ಕಂಡಿತು. ದಾಳಿ ಒಂದು ರಾತ್ರಿಯ ಕೆಲಸ. ಉಳಿದ ಮೂರು ವಾರ ಪೂರ್ತಿ ಹೊರುವ ಕೆಲಸ. ಹೊತ್ತವರಲ್ಲಿ ಬಹಳ ಮಂದಿ ಈ ಸೀಮೆಯವರೇ ಇದ್ದಿರಬೇಕು. ದಿನಾಂಕ ಆ ಒಂದು ರಾತ್ರಿಗೆ ಮಾತ್ರ ಅಂಟಿಕೊಂಡಿದೆ.

ಆಟ ಬೆಳಗಿನದಕ್ಕಿಂತ ಚೆನ್ನಾಗಿತ್ತು ಅನ್ನುವುದನ್ನೂ ಹೇಳಬೇಕು. ಪ್ರತಿ ಕಾಳು ಹೋದಾಗಲೂ ಬೂದಿಕೋಟೆಯವಳು "ಅಯ್ಯೋ" ಅನ್ನುತ್ತಿದ್ದಳು. ಕೊನೆಗೆ ಅವಳು ಕುಣಿಯಲಿಲ್ಲ. ಕಾಳುಗಳನ್ನು ಎಣಿಸಿ ಡಬ್ಬಕ್ಕೆ ಹಾಕಿದಳು, ಸತ್ತ ಹತ್ತೊಂಬತ್ತನ್ನೂ ಬೇರೆ ಪೊಟ್ಟಣ ಕಟ್ಟಿ ಇಟ್ಟಳು.

ಸಂಜೆ ಸೈನೈಡ್ ದಿಬ್ಬದ ಪಕ್ಕ ನಡೆದು ಸ್ಟೇಷನ್ನಿಗೆ ಬರುವಾಗ ಇನ್ನೊಂದು ದಿನಾಂಕದ ಮಾತು ಬಂತು. ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಬರುವ ಫೆಬ್ರವರಿ 28, ಶನಿವಾರ, ಸರಿಯಾಗಿ 25 ವರ್ಷ. ಡೆಸ್ಕುಗಳಿಗೆ ಇಷ್ಟವಾಗುವ ಸಂಖ್ಯೆ. ನಮಗೂ ಫೋನ್ ಬರುತ್ತದೆ: ಆರುನೂರು ಪದ, ಒಂದು ಹಳೆ ಶಾಫ್ಟಿನ ಫೋಟೋ, ಸುಮಾರು 800 ಟನ್ ಚಿನ್ನ ಕೊಟ್ಟ ನೆಲ ಎಂಬ ಮೊದಲ ಸಾಲು.

ಬರೆಯುತ್ತೇವೆ. ನೆಪ ಸಿಕ್ಕಾಗ ಬಿಡುವಷ್ಟು ದೊಡ್ಡವರಲ್ಲ ನಾವು. ಆದರೆ ಅದಕ್ಕೆ ಮುಂಚೆ ಜನವರಿಯಲ್ಲಿ ಒಂದು ವಾರ ನಂದಿದುರ್ಗದಲ್ಲಿ ಉಳಿದು, ಆ ಲೈನಿನಲ್ಲಿ ಮನೆ ಮನೆಗೆ ಹೋಗಿ ಕೇಳುವುದೆಂದು ಮಾತಾಡಿಕೊಂಡಿದ್ದೇವೆ: ಈ ಮನೆಯಿಂದ ಎಷ್ಟು ಜನ ಇಳಿದರು, ಎಷ್ಟು ವರ್ಷ, ಮುಚ್ಚಿದ ಮೇಲೆ ಎಲ್ಲಿಗೆ ಹೋದರು. ಮೊದಲ ಮನೆ ತಾತನದೇ. ಫೋನಿನಲ್ಲಿ ಹೇಳಿದಾಗ ಅವರು, "ಬರ್ರಪ್ಪಾ, ನಂದು ಬೇಗ ಬರ್ಕೊಳ್ಳಿ. ಪಕ್ಕದ ಲೈನ್‌ನೋರು ಜಾಸ್ತಿ ಅವ್ರೆ," ಅಂದರು.