ಕರಡಿಗೆ ಸಹಿ ಹಾಕಲು ಬಾರದು

ನಟ ನಟಿಯರ ಸಿನಿಮಾ ಆದರೆ ಸಂಗ್ರಾಹಕನ ಕೆಲಸ ಸುಲಭ. ಪೋಸ್ಟರಿನಲ್ಲಿ ಯಾರ ಮುಖವಿದೆಯೋ ಅವರ ಹಸ್ತಾಕ್ಷರ ಸಿಕ್ಕರೆ ಆಯಿತು. ಕಾರ್ಟೂನ್ ಸಿನಿಮಾದ ಸಂಗತಿ ಹಾಗಲ್ಲ. ‘ದಿ ಜಂಗಲ್ ಬುಕ್’ ಪೋಸ್ಟರಿನಲ್ಲಿರುವ ಬಲೂ ಕರಡಿಗೆ ಸಹಿ ಹಾಕಲು ಬಾರದು. ಹಾಗಾದರೆ ಅದರ ಮೇಲೆ ಯಾರ ಸಹಿ ಇರಬೇಕು? ಈ ಹವ್ಯಾಸಕ್ಕೆ ಹೊಸದಾಗಿ ಬಿದ್ದ ಅಮೆರಿಕದ ಯಾವ ಹುಡುಗನನ್ನು ಕೇಳಿದರೂ ಬರುವ ಉತ್ತರ ಒಂದೇ: ವಾಲ್ಟ್ ಡಿಸ್ನಿ.

ಮೋಸ ಕಾದಿರುವುದೂ ಅಲ್ಲೇ. ಡಿಸ್ನಿ ತೀರಿಕೊಂಡದ್ದು 1966ರ ಡಿಸೆಂಬರ್ 15ರಂದು. ‘ದಿ ಜಂಗಲ್ ಬುಕ್’ ಬಿಡುಗಡೆಯಾದದ್ದು 1967ರ ಅಕ್ಟೋಬರಿನಲ್ಲಿ. ಬಿಡುಗಡೆಯ ಆ ಪೋಸ್ಟರಿನ ಮೇಲೆ ಅವರ ಸಹಿ ಇದ್ದರೆ ಅದು ಪರಲೋಕದಿಂದಲೇ ಬಂದಿರಬೇಕು! ಇಷ್ಟು ಲೆಕ್ಕ ಹೈಸ್ಕೂಲು ಹುಡುಗನಿಗೂ ಬರುತ್ತದೆ. ಆದರೆ ಕೂಡಿಟ್ಟ ದುಡ್ಡು ಜೇಬಿನಲ್ಲಿದ್ದು, ಆಸೆಪಟ್ಟ ವಸ್ತು ಕಣ್ಣೆದುರಿಗೆ ಬಂದಾಗ ದೊಡ್ಡವರಿಗೂ ಲೆಕ್ಕ ಮರೆತುಹೋಗುತ್ತದೆ.

‘ಸ್ನೋ ವೈಟ್’ದು ಇನ್ನೂ ಸೂಕ್ಷ್ಮ. 1937ರ ಆ ಚಿತ್ರ 1944, 1952, 1958, 1967, 1975 ಎಂದು ಮತ್ತೆ ಮತ್ತೆ ತೆರೆಗೆ ಬಂತು. ಬಂದಾಗಲೆಲ್ಲ ಪೋಸ್ಟರು ಮುದ್ರಣವಾಯಿತು. ಅಮೆರಿಕದ ಚಿತ್ರಮಂದಿರಗಳಿಗೆ ಪೋಸ್ಟರ್ ಹಂಚುತ್ತಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಸಂಸ್ಥೆ ಬಹಳಷ್ಟು ಪೋಸ್ಟರುಗಳ ಕೆಳ ಅಂಚಿನಲ್ಲಿ ವರ್ಷದ ಸಂಖ್ಯೆ ಹಾಕುತ್ತಿತ್ತು. ಮರುಬಿಡುಗಡೆಯದಾದರೆ ಜೊತೆಗೆ ‘ಆರ್’ ಎಂಬ ಇಂಗ್ಲಿಷ್ ಅಕ್ಷರ. ಬಲ್ಲವರು ಸಹಿಗಿಂತ ಮೊದಲು ಆ ಅಂಚನ್ನು ಓದುತ್ತಾರೆ. ಆಮೇಲೆ ಶಾಯಿ. ಶಾರ್ಪಿ ಮಾರ್ಕರ್ ಮಾರುಕಟ್ಟೆಗೆ ಬಂದದ್ದೇ 1964ರಲ್ಲಿ. ‘ಇದು 1938ರಲ್ಲೇ ಹಾಕಿಸಿದ ಸಹಿ’ ಎಂದು ಶಾರ್ಪಿಯ ಗೆರೆ ತೋರಿಸುವವನ ಮಾತನ್ನು ಮುಂದೆ ಕೇಳಬೇಕಾಗಿಲ್ಲ.

ಡಿಸ್ನಿ ಬದುಕಿದ್ದ ಕಾಲದ್ದೇ ಎಂದಾದರೂ ಸಹಿ ಅವರದೇ ಎನ್ನುವಂತಿಲ್ಲ. ಅಭಿಮಾನಿಗಳ ಬೇಡಿಕೆ ತೀರಿಸಲು ಹ್ಯಾಂಕ್ ಪೋರ್ಟರ್, ಬಾಬ್ ಮೂರ್ ಅವರಂಥ ಸ್ಟುಡಿಯೋ ಕಲಾವಿದರು, ಯಜಮಾನರ ಒಪ್ಪಿಗೆಯಿಂದಲೇ, ಅವರ ಹೆಸರು ಬರೆದು ಕೊಡುತ್ತಿದ್ದರು. ಅದನ್ನು ಖೋಟಾ ಎನ್ನಲು ಮನಸ್ಸು ಬಾರದು, ಅಸಲಿ ಎನ್ನಲೂ ಆಗದು. ಮಾರುವವನು ಕೊಡುವ ಪ್ರಮಾಣಪತ್ರವನ್ನು ನಂಬೋಣವೆಂದರೆ, 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆಯಲ್ಲಿ ಬಯಲಾದ ಜಾಲ ನೆನಪಾಗುತ್ತದೆ. ಕ್ರೀಡಾಪಟುಗಳ ಸಹಿಯನ್ನು ನಕಲು ಮಾಡುತ್ತಿದ್ದವರು ಅದರೊಂದಿಗೆ ಪ್ರಮಾಣಪತ್ರವನ್ನೂ ಹೊಂದಿಸಿ ಕೊಡುತ್ತಿದ್ದರು.

ಪಳಗಿದ ಸಂಗ್ರಾಹಕರಲ್ಲಿ ಕೆಲವರು ಡಿಸ್ನಿಯನ್ನು ಬಿಟ್ಟು ಬೇರೆ ಕೈಗಳನ್ನು ಹುಡುಕಿ ಹೋಗುತ್ತಾರೆ. ನೋಡಿದರೆ ಅದೇ ಸರಿ. ಸ್ನೋ ವೈಟಳ ಶವದ ಮುಂದೆ ಕುಳ್ಳರು ಕಣ್ಣೀರಿಡುವ ದೃಶ್ಯಕ್ಕೆ ಜೀವ ಕೊಟ್ಟವರು ಫ್ರ್ಯಾಂಕ್ ಥಾಮಸ್. ‘101 ಡಾಲ್ಮೇಷಿಯನ್ಸ್’ (1961) ಚಿತ್ರದ ಕ್ರುಯೆಲ್ಲಾ ಮಾರ್ಕ್ ಡೇವಿಸ್ ಅವರ ಪೆನ್ಸಿಲಿನಿಂದ ಬಂದವಳು. ಆ ಬಲೂ ಕರಡಿಯನ್ನು ಕುಣಿಸಿದವರಲ್ಲಿ ಓಲಿ ಜಾನ್‌ಸ್ಟನ್ ಮುಖ್ಯರು. ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಮೆರೆಯುವುದು ಮಾತ್ರ ಡಿಸ್ನಿ ಹೆಸರು. 1941ರಲ್ಲಿ ಡಿಸ್ನಿ ಸ್ಟುಡಿಯೋದ ಕಲಾವಿದರು ಮುಷ್ಕರ ಹೂಡಿದಾಗ ಸಂಬಳದ ಜೊತೆಗೆ ಇದ್ದ ಅಸಮಾಧಾನಗಳಲ್ಲಿ ತೆರೆಯ ಮೇಲೆ ಹೆಸರು ಬರುವುದಿಲ್ಲವೆಂಬುದೂ ಒಂದು. ರೇಖೆಗಳನ್ನು ಸೆಲ್ಯುಲಾಯ್ಡ್ ಹಾಳೆಗೆ ಇಳಿಸಿ ಬಣ್ಣ ತುಂಬುತ್ತಿದ್ದ ಹೆಣ್ಣುಮಕ್ಕಳ ಹೆಸರಂತೂ ‘ಸ್ನೋ ವೈಟ್’ ಚಿತ್ರದಲ್ಲಿ ಎಲ್ಲೂ ಕಾಣಿಸಲಿಲ್ಲ. ಅವರ ಸಹಿಯನ್ನು ಕೇಳುವವರಾದರೂ ಯಾರಿದ್ದರು?

ಥಾಮಸ್, ಜಾನ್‌ಸ್ಟನ್ ಮುಂತಾದವರು ಮುಪ್ಪಿನಲ್ಲಿ ಅಭಿಮಾನಿಗಳಿಗೆ ಸಹಿ ಹಾಕಿಕೊಟ್ಟರು, ಒಮ್ಮೊಮ್ಮೆ ಪಕ್ಕದಲ್ಲೊಂದು ಪುಟ್ಟ ಚಿತ್ರವನ್ನೂ ಬರೆದುಕೊಟ್ಟರು. ‘ಒಂಬತ್ತು ಹಿರಿಯರು’ ಎಂದೇ ಹೆಸರಾದ ಆ ತಂಡದಲ್ಲಿ ಕೊನೆಗೆ ಉಳಿದಿದ್ದ ಜಾನ್‌ಸ್ಟನ್ 2008ರಲ್ಲಿ ತೀರಿಕೊಂಡರು. ಅವರ ನಂತರದ ಪೀಳಿಗೆಯೂ ಸಣ್ಣದಲ್ಲ. ‘ಬ್ಯೂಟಿ ಅಂಡ್ ದ ಬೀಸ್ಟ್’ (1991) ಚಿತ್ರದ ಬೀಸ್ಟ್‌ನನ್ನು ರೂಪಿಸಿದ ಗ್ಲೆನ್ ಕೀನ್ ಇದ್ದಾರೆ. ಅಂಥವರೆದುರು ಪೋಸ್ಟರ್ ಹಿಡಿದು ನಿಂತು, ಪೆನ್ನು ಓಡುವುದನ್ನು ಕಣ್ಣಾರೆ ಕಂಡ ಹುಡುಗನಿಗೆ ಯಾರ ಪ್ರಮಾಣಪತ್ರವೂ ಬೇಡ. ಮನೆಗೆ ತಂದ ಮೇಲೆ ಅಪ್ಪ ಅಮ್ಮಂದಿರಿಗೂ ಒಂದು ಕೆಲಸವಿದೆ: ಬಿಸಿಲು ಬೀಳದ ಗೋಡೆಯೊಂದನ್ನು ಬಿಟ್ಟುಕೊಡುವುದು. ಮಾರ್ಕರಿನ ಶಾಯಿ ಬೆಳಕಿಗೆ ಮಾಸುತ್ತದೆ. ಮುದ್ರಿತ ಕರಡಿ ಇನ್ನೂ ನಿಚ್ಚಳವಾಗಿರುವಾಗಲೇ ಅದನ್ನು ಬರೆದವರ ಹೆಸರು ಅಳಿಸಿಹೋಗಿರಬಹುದು.