ಅಕ್ಕಲಕೋಟೆಯ ದಾರಿಯಲ್ಲೊಂದು ಹಳೆಯ ಗಾಡಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ಈ ದಾರಿಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಾಗಿಲ್ಲ. ಅರಿಯದವರಿಗೆ ನಾಲ್ಕು ಮಾತು ಸಾಕು. ನಗರದ ಅಂಚಿನಲ್ಲಿ ಯಂತ್ರಮಗ್ಗಗಳ ಸದ್ದು ಹಗಲಿರುಳು ಕೇಳುವ ಔದ್ಯೋಗಿಕ ವಸಾಹತು, ಮುಂದೆ ಕುಂಭಾರಿ, ಅದರಾಚೆ ವಳಸಂಗ. ಎರಡೂ ಬದಿಗೆ ಎರೆಭೂಮಿ. ಹಂಗಾಮಿಗೆ ತಕ್ಕಂತೆ ತೊಗರಿ, ಇಲ್ಲವೆ ಬಿಳಿಜೋಳ, ನೀರಿದ್ದಲ್ಲಿ ಕಬ್ಬು. ದಾರಿಯುದ್ದಕ್ಕೂ ಅಂಗಡಿಗಳ ಹಲಗೆಗಳು ಮರಾಠಿಯಲ್ಲಿದ್ದರೂ ಅವುಗಳ ಕೆಳಗೆ ಕುಳಿತವರ ಮಾತು ಬಹುಮಟ್ಟಿಗೆ ಕನ್ನಡವೇ. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಪುಣೆ, ಮುಂಬಯಿಗಳಿಂದ ಬರುವ ಹೊಸ ಮೋಟಾರುಗಳು ಈಗಿನ ನಾಲ್ಕು ಪಥದ ರಸ್ತೆಯಲ್ಲಿ ಈ ದೂರವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತವೆ. ನಮ್ಮ ಗಾಡಿಗೆ ಒಂದೂಕಾಲು ಗಂಟೆ ಬೇಕು. ಚೀಲ ತುಂಬಿದ್ದರೆ ಒಂದೂವರೆ.

ನಮ್ಮದು 1972ರಲ್ಲಿ ನೋಂದಣಿಯಾದ ಮಹೀಂದ್ರಾ ಎಫ್.ಸಿ. ಪಿಕಪ್. ನಡುವಯಸ್ಸು ದಾಟಿದ ವಾಚಕರು ಇದನ್ನು ನೋಡಿರಲಿಕ್ಕೆ ಸಾಕು. ಜೀಪಿಗಿರುವಂತೆ ಇದಕ್ಕೆ ಮುಂದೆ ಮೂಗಿಲ್ಲ; ಚಾಲಕನ ಕೋಣೆಯೇ ಮುಂಗಾಲಿಯ ಮೇಲೆ ಕುಳಿತಿರುತ್ತದೆ, ಇಂಜಿನು ಇಬ್ಬರ ನಡುವೆ ಒಂದು ಪತ್ರಾದ ಪೆಟ್ಟಿಗೆಯೊಳಗೆ. ಅಮೇರಿಕೆಯ ವಿಲ್ಲಿಸ್ ಕಂಪನಿಯವರು 1956ರ ಕೊನೆಯಲ್ಲಿ ಈ ಮಾದರಿಯನ್ನು ಹೊರತಂದರು. ಅಲ್ಲಿ ಅದು ಹತ್ತು ವರುಷವೂ ಬಾಳಲಿಲ್ಲ. ಅವರು ಕೈಬಿಟ್ಟದ್ದನ್ನು ನಮ್ಮ ದೇಶದ ಮಹೀಂದ್ರಾ ಕಾರಖಾನೆ ಕೈಗೆತ್ತಿಕೊಂಡು ಮುಂದೆಯೂ ಬಹುಕಾಲ ತಯಾರಿಸಿತು. ಇದರ ಗುಣದೋಷಗಳೆರಡೂ ಆ ರಚನೆಯಿಂದಲೇ ಹುಟ್ಟಿದವು. ಗಾಡಿ ಗಿಡ್ಡದಾದರೂ ಹಿಂದಿನ ಹೌದಾ ದೊಡ್ಡದು. ಓಣಿಯಲ್ಲಿ ತಿರುಗಿಸಲು ಸುಲಭ. ಆದರೆ ಭಾರವೆಲ್ಲ ಮುಂದೆ. ಬರಿದಾದ ಗಾಡಿಗೆ ಜೋರಾಗಿ ಬ್ರೇಕು ಹಾಕಿದರೆ ಅದು ನಮಸ್ಕಾರ ಮಾಡಿದಂತೆ ಮುಂದಕ್ಕೆ ಬಾಗುತ್ತದೆ. ಅಮೇರಿಕೆಯವರು ಇದನ್ನರಿತು ಹಿಂದಿನ ಅಚ್ಚಿನ ಮೇಲೆ ಬೀಡುಕಬ್ಬಿಣದ ತೂಕವೊಂದನ್ನು ಜೋಡಿಸಿದ್ದರು. ನಾವು ಎರಡು ಉಸುಕಿನ ಚೀಲ ಇಟ್ಟುಕೊಂಡಿದ್ದೇವೆ.

1972 ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಬರಗಾಲ. ಆ ವರುಷ ಮತ್ತು ಮುಂದಿನ ವರುಷ ಸೊಲ್ಲಾಪುರ ಜಿಲ್ಲೆಯ ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತು ಹೊಟ್ಟೆ ಹೊರೆದರು. ಇಂದು ನಾವು ಓಡಾಡುವ ಎಷ್ಟೋ ಹಳ್ಳಿದಾರಿಗಳಿಗೆ ಅವರು ಹಾಕಿದ ಖಡಿಯೇ ಬುನಾದಿ. ಗಾಡಿ ಆಗ ನಮ್ಮದಾಗಿರಲಿಲ್ಲ. ಸೊಲ್ಲಾಪುರದ ಬಟ್ಟೆ ವ್ಯಾಪಾರಿಯೊಬ್ಬರಿಂದ ನಮ್ಮ ತಂದೆಯವರು ಅದನ್ನು 1978ರಲ್ಲಿ ಕೊಂಡರು. ಕೊಂಡ ದಿನದಿಂದಲೇ ಒಂದು ವಹಿ ಇಟ್ಟರು. ಯಾವ ದಿನ ಎಣ್ಣೆ ಬದಲಾಯಿತು, ಯಾವ ಪಾಟಾ ಮುರಿಯಿತು, ಎಷ್ಟು ಕೊಟ್ಟಿತು, ಎಲ್ಲವೂ ಅದರಲ್ಲಿ ಕನ್ನಡದಲ್ಲಿ ಬರೆದಿದೆ. ಲೆಕ್ಕದ ಅಂಕಿಗಳು ಮಾತ್ರ ಮರಾಠಿಯವು, ಅವರು ಕಲಿತ ಶಾಲೆ ಹಾಗಿತ್ತು. ಈಗ ವಹಿಯಲ್ಲಿ ಮೂರನೆಯ ತಲೆಮಾರಿನ ಅಕ್ಷರ ನಡೆದಿದೆ.

ಮೂಲದಲ್ಲಿ ಇದರದು ಪೆಟ್ರೋಲು ಇಂಜಿನು, ಹರಿಕೇನ್ ಎಂದು ಅದರ ಹೆಸರು. ಬೇಸಿಗೆಯಲ್ಲಿ ಸೊಲ್ಲಾಪುರದ ಬಿಸಿಲು 42, 43 ಡಿಗ್ರಿ ಮುಟ್ಟಿದಾಗ ಪೆಟ್ರೋಲು ನಳಿಗೆಯೊಳಗೇ ಆವಿಯಾಗಿ ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಆಗ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಬೇವಿನ ನೆರಳಿಗೆ ಕುಳಿತು ಕಾಯುವುದೇ ಉಪಾಯ. ಕುಡಿಯುವುದಾದರೋ ವಿಪರೀತ. 1980ರ ದಶಕದಲ್ಲಿ ಜೀಪುಗಳಿಗೆ ಪ್ಯೂಜೊ ಪರವಾನಗಿಯ ಡಿಸೆಲ್ ಇಂಜಿನು ಸುಲಭವಾಗಿ ದೊರೆಯತೊಡಗಿದಾಗ ಅನೇಕರು ಮಾಡಿದಂತೆ ನಮ್ಮ ತಂದೆಯವರೂ ಇಂಜಿನು ಬದಲಿಸಿದರು, ನೋಂದಣಿ ಪುಸ್ತಕದಲ್ಲಿ ನಮೂದಿಸಿದರು. ಹಳೆಯದನ್ನು ಮಾತ್ರ ಮಾರಲಿಲ್ಲ. ಗೋಣಿ ಹೊದಿಸಿ ದನದ ಕೊಟ್ಟಿಗೆಯ ಮೂಲೆಯಲ್ಲಿಟ್ಟರು.

ಇಂಥ ಗಾಡಿಯನ್ನು ಸರಿಪಡಿಸಲು ಎರಡು ದಾರಿಗಳಿವೆ. ಒಂದು, ಎಲ್ಲವನ್ನೂ ಬಿಚ್ಚಿ, ವರುಷವೋ ಎರಡು ವರುಷವೋ ಗ್ಯಾರೇಜಿನಲ್ಲಿಟ್ಟು, ಹೊಸದರಂತೆ ಮಾಡಿ ಹೊರತರುವುದು. ಇದಕ್ಕೆ ಬೇರೊಂದು ಗಾಡಿಯೂ ತುಂಬಿದ ಕೈಯೂ ಬೇಕು. ಹೀಗೆ ಬಿಚ್ಚಿಟ್ಟ ಗಾಡಿಗಳು ಬೇಲಿಯ ಮಗ್ಗುಲಲ್ಲಿ ಜಾಲಿಕಂಟಿಯೊಳಗೆ ಹೂತುಹೋದುದನ್ನು ನಾವು ಸಾಕಷ್ಟು ಕಂಡಿದ್ದೇವೆ. ಇನ್ನೊಂದು ನಮ್ಮಂಥವರ ದಾರಿ: ಓಡಿಸುತ್ತಲೇ ದುರಸ್ತಿ ಮಾಡುವುದು. ಸೋಮವಾರ ಮಾಲು ಹೊರುವ ಗಾಡಿಯನ್ನು ರವಿವಾರ ಎಷ್ಟು ಬಿಚ್ಚಬಹುದೋ ಅಷ್ಟೇ ಬಿಚ್ಚುವುದು.

ಈ ಕ್ರಮಕ್ಕೂ ಒಂದು ಶಾಸ್ತ್ರವಿದೆ. ಆರು ವರುಷಗಳ ಹಿಂದೆ ಗಾಡಿ ನಮ್ಮ ಕೈಗೆ ಬಂದಾಗ ಮನೆಯ ಹುಡುಗರಿಗೆ ಮೊದಲು ಬಣ್ಣ ಹಚ್ಚಿಸುವ ಹುರುಪು. ಸೊಲ್ಲಾಪುರದ ಮಿಸ್ತ್ರಿಯವರು ನಕ್ಕುಬಿಟ್ಟರು. "ಕಾಕಾ, ಬಣ್ಣ ಹಚ್ಚಿದ್ರ ಗಾಡಿ ಚೆಂದ ಕಾಣಸ್ತದ, ಖರೆ. ಮೊದಲ ಅದಕ್ಕ ನಿಲ್ಲೂದು ಕಲಸೂಣ್ರೀ, ಆಮ್ಯಾಲ ಓಡೂದು, ಚೆಂದ ಕಾಣೂದು ಕಡೀಕ." ಅವರ ಮಾತಿನ ಬೆಲೆ ಮುಂದಿನ ತಿಂಗಳಲ್ಲಿಯೇ ತಿಳಿಯಿತು. ವಳಸಂಗ ದಾಟಿದ ಮೇಲೆ ಬ್ರೇಕಿನ ಪೆಡಲು ಒಮ್ಮೆಲೇ ನೆಲಕ್ಕೆ ಹೋಯಿತು. ಈ ಹಳೆಯ ಗಾಡಿಗಳಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಮಾಸ್ಟರ್ ಸಿಲಿಂಡರಿನಿಂದ ಎಣ್ಣೆ ಹರಿಯುತ್ತದೆ. ಎಲ್ಲಿಯೋ ಒಂದು ನಳಿಗೆ ಒಡೆದರೆ ನಾಲ್ಕೂ ಗಾಲಿಗಳ ಬ್ರೇಕು ಹೋದಂತೆಯೇ. ಪುಣ್ಯಕ್ಕೆ ಜೀಪಿನ ಕೈಬ್ರೇಕು ಗಾಲಿಗಳಿಗಲ್ಲ, ಗೇರಿನ ಹಿಂದಿನ ಡ್ರಮ್ಮಿಗೆ ಹಿಡಿಯುತ್ತದೆ. ಗೇರು ಇಳಿಸಿ, ಕೈಬ್ರೇಕು ಎಳೆದು, ರಸ್ತೆಯ ಬದಿಗೆ ನಿಲ್ಲಿಸಿದೆವು. ಹೌದಾದಲ್ಲಿ 20 ಚೀಲ ತೊಗರಿ ಇತ್ತು. ಒಡೆದ ನಳಿಗೆಯೊಂದನ್ನೇ ಬದಲಿಸಿ ಮುಂದೆ ಸಾಗಬಹುದಾಗಿತ್ತು, ಮಿಸ್ತ್ರಿಯವರು ಒಪ್ಪಲಿಲ್ಲ. ಒಂದು ತುಕ್ಕು ಹಿಡಿದಿದ್ದರೆ ಉಳಿದವೂ ಅದೇ ವಯಸ್ಸಿನವು. ಕಬ್ಬಿಣದ ನಳಿಗೆ, ರಬ್ಬರಿನ ನಳಿಗೆ, ಗಾಲಿಯ ಸಿಲಿಂಡರು, ಲೈನರು, ಎಲ್ಲವನ್ನೂ ಎರಡು ರವಿವಾರಗಳಲ್ಲಿ ಹೊಸದು ಮಾಡಿದೆವು.

ಬ್ರೇಕಿನ ನಂತರ ಸ್ಟೀರಿಂಗು, ಅದರ ನಂತರ ವಿದ್ಯುತ್ತಿನ ತಂತಿ, ಆಮೇಲೆ ಇಂಜಿನು. ತಂತಿಯನ್ನು ಅಲಕ್ಷಿಸುವವರೇ ಹೆಚ್ಚು. ಆದರೆ ಹಳೆಯ ಗಾಡಿಗಳು ಸುಟ್ಟುಹೋಗುವುದು ಬಹುತೇಕ ಇಲಿ ಕಡಿದ ತಂತಿಯಿಂದ. ಹಳೆಯ ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿಸಿದೆವು, ಏಕೆಂದರೆ ಇಂಜಿನು ನಿಧಾನವಾಗಿ ತಿರುಗುವಾಗ ಡೈನಮೋದ ಕಸುವು ಸಾಲದು, ಸಂಜೆಯ ಪೇಟೆಯ ಗದ್ದಲದಲ್ಲಿ ದೀಪ ಮಿಣುಕುತ್ತದೆ. ಇನ್ನೆರಡು ನಿಯಮಗಳನ್ನು ನಾವೇ ಮಾಡಿಕೊಂಡೆವು. ಮುಂಜಾನೆ ಬೇಕಾದುದನ್ನು ಸಂಜೆ ಬಿಚ್ಚಬಾರದು. ಸೆಲ್ಫ್, ರೇಡಿಯೇಟರು, ನೀರಿನ ಪಂಪುಗಳಂಥವನ್ನು ಗುಜರಿಯಿಂದ ಜೋಡಿಯಾಗಿ ತಂದಿಟ್ಟು, ಒಂದನ್ನು ದುರಸ್ತಿಗೆ ಕಳಿಸಿದಾಗ ಇನ್ನೊಂದು ಗಾಡಿಯಲ್ಲಿರಬೇಕು.

ಸಾಮಾನಿನ ವಿಷಯದಲ್ಲಿ ಈ ಗಾಡಿ ಅದೃಷ್ಟಶಾಲಿ. ಅದರ ಅಚ್ಚು, ಗೇರು, ಬ್ರೇಕುಗಳ ಹೆಚ್ಚಿನ ಭಾಗ ಜೀಪಿನ ಬಳಗದವೇ. ಜೀಪಿನ ಸಾಮಾನು ಇಂದಿಗೂ ದೊರೆಯುತ್ತದೆ. ದೊರೆಯದಿರುವುದು ಮುಖದ ಭಾಗ: ಮುಂದಿನ ಗಾಜು, ಅದರ ರಬ್ಬರು, ಬಾಗಿಲಿನ ಪತ್ರಾ. ದೊರೆಯದುದನ್ನು ಮಾಡಿಸಬೇಕು, ಮಾಡುವ ಕೈಗಳು ಸೊಲ್ಲಾಪುರದಲ್ಲಿ ಇನ್ನೂ ಉಳಿದಿವೆ. ಈ ಊರಿನ ಹಳೆಯ ಗಿರಣಿ ಸ್ಥಾಪನೆಯಾದುದು 1877ರಲ್ಲಿ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನಮಗೆ ಬುಶ್ಶು, ಪಿನ್ನುಗಳನ್ನು ಕಡೆದುಕೊಡುವ ಲೇಥಿನವರ ತಂದೆ ಗಿರಣಿಯಲ್ಲಿ ಫಿಟ್ಟರಾಗಿದ್ದವರು. ಲೇಥಿನವರ ಮನೆಮಾತು ತೆಲುಗು. ಪಾಟಾ ಕಟ್ಟುವವರದು ಉರ್ದು, ಪತ್ರಾದ ಕೆಲಸದವರದು ಮರಾಠಿ, ಮಿಸ್ತ್ರಿಯವರದು ಕನ್ನಡ. ನಾಲ್ವರೂ ಗಾಡಿಯ ಕೆಳಗೆ ಮಲಗಿ ಆಡುವ ಮಾತು ಮಾತ್ರ ನಾಲ್ಕರಲ್ಲಿ ಯಾವುದೂ ಅಲ್ಲ. ಅಥವಾ ನಾಲ್ಕೂ ಹೌದು. ಪಾನಾ ಕೇಳಿದರೆ ಪಾನಾ ಬರುತ್ತದೆ, ಅಷ್ಟು ಸಾಕು.

ಹವೆಯ ಉಪಕಾರವನ್ನೂ ಹೇಳಬೇಕು. ನಮ್ಮಲ್ಲಿ ಮಳೆ ಕಡಿಮೆ, ಸಮುದ್ರ ದೂರ. ಮಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಆಗಿದ್ದರೆ ಇದರ ಪತ್ರಾ ಎಂದೋ ಜರಡಿಯಾಗುತ್ತಿತ್ತು. ಮನುಷ್ಯರನ್ನು ಬೇಯಿಸುವ ಈ ಬಿಸಿಲು ಕಬ್ಬಿಣಕ್ಕೆ ಒಳ್ಳೆಯದು. ಶತ್ರುವೆಂದರೆ ಎರೆಮಣ್ಣು. ಮಳೆಗಾಲದಲ್ಲಿ ಚಾಸಿಯ ಸಂದುಗಳಲ್ಲಿ ಮೆತ್ತಿಕೊಂಡ ಅರಲು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಅದನ್ನು ಕೋಲಿನಿಂದ ಕೆದರಿ ತೆಗೆಯುವುದು ದುರಸ್ತಿಯ ಲೆಕ್ಕಕ್ಕೆ ಬಾರದ ದುರಸ್ತಿ.

ದುರಸ್ತಿಯ ಪಂಚಾಂಗವೂ ಬೇಸಾಯದ ಪಂಚಾಂಗದೊಡನೆ ಹೊಂದಿಕೊಂಡೇ ನಡೆಯುತ್ತದೆ. ತೊಗರಿಯ ರಾಶಿಯಿಂದ ಜೋಳದ ಸುಗ್ಗಿಯವರೆಗೆ ಗಾಡಿಗೆ ಬಿಡುವಿಲ್ಲ. ಒಮ್ಮೆ ಅಕ್ಕಲಕೋಟೆ, ಒಮ್ಮೆ ದುಧನಿಯ ಪೇಟೆ, ಒಮ್ಮೆ ನಾಗಣಸೂರು, ಮೈಂದರಗಿಗಳ ಬೀಗರ ಹೊಲ. ನಡುವೆ ಸಂಕ್ರಮಣದ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ. ಏಳು ನಂದಿಧ್ವಜಗಳು ಹೊರಟು 68 ಲಿಂಗಗಳ ಪ್ರದಕ್ಷಿಣೆ ನಡೆಯುವಾಗ ಊರೊಳಗೆ ಗಾಡಿ ಒಯ್ಯುವ ಮಾತೇ ಇಲ್ಲ. ಕ್ಲಚ್ಚಿನ ಕೆಲಸವನ್ನು ನಾವು ಮುಗಿಸಿಕೊಂಡದ್ದು ಅಂಥ ದಿನಗಳಲ್ಲಿಯೇ, ಮಿಸ್ತ್ರಿಯವರು ಬಾರಾಬಂದಿ ತೊಟ್ಟು ನಂದಿಧ್ವಜದ ಸೇವೆಗೆ ಹೋಗಿ ಬಂದ ಮೇಲೆ.

ಹೀಗಿರುವಾಗ ಹೋದ ವರುಷ ಪುಣೆಯ ಗೃಹಸ್ಥರೊಬ್ಬರು ಅಕ್ಕಲಕೋಟೆಗೆ ದರ್ಶನಕ್ಕೆ ಬಂದವರು ವಟವೃಕ್ಷ ದೇವಸ್ಥಾನದ ಬಳಿಯ ರಸ್ತೆಯಲ್ಲಿ ಗಾಡಿಯನ್ನು ಕಂಡು ನಿಂತುಬಿಟ್ಟರು. ಹಳೆಯ ವಾಹನಗಳ ಸಂಗ್ರಹ ಅವರ ಹವ್ಯಾಸ. ಕೊಟ್ಟಿಗೆಯ ಇಂಜಿನಿನ ಸುದ್ದಿ ಕೇಳಿ ಮನೆಗೇ ಬಂದರು, ಗೋಣಿ ಸರಿಸಿ ನೋಡಿದರು. ಅವರು ಹೇಳಿದ ಬೆಲೆ ಕಡಿಮೆಯದಾಗಿರಲಿಲ್ಲ; ಆ ಹಣದಲ್ಲಿ ಹತ್ತು ವರುಷ ಹಳೆಯದಾದ ಒಳ್ಳೆಯ ಪಿಕಪ್ ಬರುತ್ತಿತ್ತು, ಬಾವಿಗೆ ಹೊಸ ಮೋಟಾರೂ ಆಗುತ್ತಿತ್ತು. ಹುಡುಗರು ಮಾರೋಣವೆಂದರು. ಅವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಇಷ್ಟು ಹಳೆಯ ಸರಕುಗಾಡಿಗೆ ಪ್ರತಿವರುಷವೂ ಪಾಸಿಂಗ್ ಆಗಬೇಕು, ಪರಿಸರ ತೆರಿಗೆ ಕಟ್ಟಬೇಕು. ಒಂದು ವರುಷ ಪಾಸಾಗದಿದ್ದರೆ ಉಳಿಯುವುದು ಗುಜರಿಯ ತೂಕದ ಬೆಲೆ.

ಕಾನೂನಿನ ಮಾತನ್ನು ಇಲ್ಲಿ ತುಸು ಬಿಡಿಸಿ ಹೇಳುವುದು ಒಳಿತು, ಏಕೆಂದರೆ ಅಂಗಳದಲ್ಲಿ ಹಳೆಯ ಜೀಪು, ಮೋಟಾರು ಉಳಿದಿರುವ ಮನೆಗಳು ನಮ್ಮ ವಾಚಕರಲ್ಲಿಯೂ ಇದ್ದಾವು. ಕೇಂದ್ರ ಸರಕಾರವು 2021ರಲ್ಲಿ 50 ವರುಷ ದಾಟಿದ ಸ್ವಂತ ಬಳಕೆಯ ವಾಹನಗಳಿಗೆ 'ವಿಂಟೇಜ್' ಎಂಬ ಬೇರೆ ನೋಂದಣಿಯನ್ನು ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರುಷದ ಬಾಳಿಕೆ. ಆದರೆ ವಾಹನ ಮೂಲ ರೂಪದಲ್ಲಿಯೇ ಇರಬೇಕು. ಚಾಸಿ, ಕವಚ, ಇಂಜಿನುಗಳಲ್ಲಿ ಗಣನೀಯ ಬದಲಾವಣೆಯಾಗಿರಬಾರದು. ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಎಣ್ಣೆ ತುಂಬಿಸಲು, ದುರಸ್ತಿಗೆ ರಸ್ತೆಗಿಳಿಸಬಹುದೇ ಹೊರತು ದಿನದ ಕೆಲಸಕ್ಕೆ ಓಡಿಸುವಂತಿಲ್ಲ. ಎಂದರೆ, ದುಡಿಯುತ್ತಿರುವ ಮುದಿ ಗಾಡಿಗೆ ಆ ಗೌರವವಿಲ್ಲ. ಕೆಲಸ ಬಿಟ್ಟು ಕುಳಿತದ್ದಕ್ಕೆ ಮಾತ್ರ. ಬಣ್ಣದ ಮೋಟಾರುಗಳ ಮಟ್ಟಿಗೆ ಇದು ಸರಿಯೇ ಇದ್ದೀತು. ಚೀಲ ಹೊರಲೆಂದೇ ಹುಟ್ಟಿದ ಗಾಡಿಗೆ ಇದು ವಿಚಿತ್ರ ಸನ್ಮಾನ ಎಂದು ನಮಗನಿಸುತ್ತದೆ.

ಮನೆಯಲ್ಲಿ ಎಂಟು ದಿನ ಇದೇ ಚರ್ಚೆ ನಡೆಯಿತು. ಎಂಬತ್ತೈದರ ನಮ್ಮ ಅವ್ವ ಒಂದು ಸಂಜೆ ಕೇಳಿದಳು: "ಅವರು ಒಯ್ದು ಏನ ಮಾಡ್ತಾರಪಾ ಅದನ್ನ?"

"ನೆರಳಾಗ ಇಡ್ತಾರವ್ವಾ. ಒರಸಿ ಚೊಲೋ ಇಡ್ತಾರ. ವರ್ಷಕ್ಕ ಎರಡ ಸಲ ಹೊರಗ ತಗೀತಾರ."

"ಅದೇನ ಉತ್ಸವಮೂರ್ತಿ ಅದ ಏನು? ಆ ಮೂಲ್ಯಾಗಿಂದು ಕೊಡ್ರಿ ಬೇಕಾದ್ರ, ಹೆಂಗೂ ನೆರಳಾಗೇ ಅದ."

ವಿನೋದಕ್ಕೆಂದು ಆಡಿದ ಈ ಮಾತೇ ಕೊನೆಗೆ ನಿರ್ಧಾರವಾಯಿತು. ಪುಣೆಯವರ ಬಳಿ ಇಂಥದೇ ಇನ್ನೊಂದು ಗಾಡಿ ಇಂಜಿನಿಲ್ಲದೆ ನಿಂತಿತ್ತು. ಅವರು ಬೇಸರಿಸದೆ ಹರಿಕೇನ್ ಇಂಜಿನನ್ನು ಮಾತ್ರ ಕೊಂಡರು. ಇಷ್ಟು ವರುಷ ಕೊಟ್ಟಿಗೆಯಲ್ಲಿದ್ದ ಅದನ್ನು ಆರು ಜನ ಎತ್ತಿ ನಮ್ಮ ಗಾಡಿಯ ಹೌದಾಕ್ಕೇ ಏರಿಸಿ, ಸೊಲ್ಲಾಪುರದ ಟ್ರಾನ್ಸ್‌ಪೋರ್ಟಿನವರೆಗೆ ಮುಟ್ಟಿಸಿ ಬಂದೆವು. ವಹಿಯಲ್ಲಿ ಆ ದಿನದ ಬಾಡಿಗೆಯನ್ನೂ ಬರೆದಿದೆ. ಹುಡುಗರ ಮಾತಿಗೂ ಬೆಲೆ ಇರಲೆಂದು ಒಂದು ಕರಾರು ಮಾಡಿಕೊಂಡಿದ್ದೇವೆ: ಯಾವ ವರುಷ ದುರಸ್ತಿಯ ಖರ್ಚು ಬಾಡಿಗೆಯ ಟೆಂಪೋ ತರಿಸುವ ಖರ್ಚನ್ನು ಮೀರುತ್ತದೆಯೋ ಆ ವರುಷ ಮಾರುವುದು. ವಹಿ ಇರುವುದರಿಂದ ಈ ಲೆಕ್ಕದಲ್ಲಿ ಯಾರೂ ಯಾರನ್ನೂ ಮರುಳು ಮಾಡುವಂತಿಲ್ಲ.

ಇಂಜಿನಿನಿಂದ ಬಂದ ಹಣದಲ್ಲಿ ಚಾಲಕನ ಕಾಲ ಕೆಳಗಿನ ಪತ್ರಾ ಹೊಸದಾಯಿತು. ಮೊದಲು ಅದರ ತೂತಿನಿಂದ ಅಕ್ಕಲಕೋಟೆಯ ರಸ್ತೆ ಕಾಣುತ್ತಿತ್ತು. ಹಿಂದಿನ ಎರಡು ಟೈರು ಬಂದವು. ಎಡಬದಿಯ ಬಾಗಿಲನ್ನು ಇಂದಿಗೂ ಹೊರಗಿನಿಂದ ಕೈಹಾಕಿಯೇ ತೆಗೆಯಬೇಕು, ಮುಂದಿನ ಗಾಜಿನ ರಬ್ಬರು ಮಳೆಗೆ ಸೋರುತ್ತದೆ. ಅವೆರಡೂ ಸುಗ್ಗಿಯ ನಂತರದ ಕೆಲಸ. ಬಣ್ಣ ಇನ್ನೂ ಹಚ್ಚಿಸಿಲ್ಲ.