ಓಡುವುದಕ್ಕೂ ಒಂದು ಬಯಲು



ಮೋಟಾರು ಸೈಕಲ್ಲಿನ ಓಟದ ವಿಷಯವು ಈ ಪತ್ರಿಕೆಯ ಪುಟಗಳಿಗೆ ಹೇಗೆ ಬಂದಿತೆಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಬರೆಯಲು ನನಗೂ ಸಂಕೋಚವೇ ಇತ್ತು. ಆದರೆ ಇಂದು ನಮ್ಮ ಬಹುಪಾಲು ಮನೆಗಳ ಅಂಗಳದಲ್ಲಿ ಒಂದು ವಾಹನವಿದೆ. ಮಗನು ರಾತ್ರಿ ಮನೆ ಸೇರುವವರೆಗೆ ಬಾಗಿಲಲ್ಲಿ ನಿಂತು ಕಾಯುವ ತಾಯಿಯೂ ಇದ್ದಾಳೆ. ಆದಕಾರಣ ನನ್ನ ಅನುಭವವನ್ನು, ನನ್ನ ತಪ್ಪನ್ನೂ ಸೇರಿಸಿ, ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ನಾನು ಪ್ರಸಾದ ನಿಲಯದಲ್ಲಿ ಓದುತ್ತಿದ್ದಾಗ ಒಂದು ದಿನ ಪಂಕ್ತಿ ಕುಳಿತ ವೇಳೆಯಲ್ಲಿ ಹುಡುಗನೊಬ್ಬ ಓಡಿಬಂದು ಬಡಿಸುವವರಿಗೆ ತಾಗಿದನು. ಸಾರಿನ ಪಾತ್ರೆ ಉರುಳಿತು. ಆ ಹುಡುಗನು ನಾನೇ. ಪೂಜ್ಯ ಅಜ್ಜನವರು ಗದರಿಸಲಿಲ್ಲ. "ಓಡುವುದು ತಪ್ಪಲ್ಲ ತಮ್ಮಾ, ಪಂಕ್ತಿಯಲ್ಲಿ ಓಡುವುದು ತಪ್ಪು. ಬಯಲಿಗೆ ಹೋಗಿ ಓಡು" ಎಂದರು. ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ೫೪ನೆಯ ವಯಸ್ಸಿನಲ್ಲಿ.

ಘಟ್ಟದ ಮೇಲಿನವನಾದ ನಾನು ಉದ್ಯೋಗ ನಿಮಿತ್ತ ಕುಮಟಾದಲ್ಲಿ ನೆಲೆಸಿ ಮೂವತ್ತು ವರ್ಷಗಳಾದವು. ನಿತ್ಯವೂ ಮೋಟಾರು ಸೈಕಲ್ಲಿನ ಮೇಲೆ ಹೊನ್ನಾವರಕ್ಕೆ ಹೋಗಿಬರುತ್ತೇನೆ. ನನ್ನ ತಮ್ಮನ ಮಗನು ನಮ್ಮ ಮನೆಯಲ್ಲಿಯೇ ಇದ್ದು ಓದಿದವನು. ಕೆಲವು ವರ್ಷಗಳ ಹಿಂದೆ ಅವನು ಶಿರಸಿಯಿಂದ ಬರುವಾಗ ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ವೇಗ ತಡೆಯಲಾರದೆ ಬಿದ್ದನು. ಹೆಗಲಿನ ಎಲುಬು ಮುರಿಯಿತು. ಎದುರಿನಿಂದ ಬರುತ್ತಿದ್ದ ಬಸ್ಸಿನ ಚಾಲಕರು ಸಕಾಲದಲ್ಲಿ ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಅಂದಿನಿಂದ ನಾನು ಅವನನ್ನು ಕಂಡಾಗಲೆಲ್ಲ ಅದೇ ಬೈಗುಳ. ಒಂದು ದಿನ ಅವನು ತಲೆತಗ್ಗಿಸಿಯೇ ಹೇಳಿದನು: "ದೊಡ್ಡಪ್ಪಾ, ಬೈಯುವುದು ನ್ಯಾಯವೇ. ಆದರೆ ಗಾಡಿ ಹೊಡೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಕಲಿಯುವ ಜಾಗವೊಂದಿದೆ. ನೀವೂ ಬರ್ರಿ."

ಆ ಜಾಗವು ಚೆನ್ನೈಗೆ ಪಶ್ಚಿಮದಲ್ಲಿ, ಶ್ರೀಪೆರಂಬದೂರಿನ ಸಮೀಪದ ಇರುಂಗಾಟ್ಟುಕೋಟೈಯಲ್ಲಿದೆ. ೧೯೫೩ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಮೊದಲು ಷೋಲಾವರಂ ಎಂಬಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನದಾರಿಯ ಮೇಲೆ ಪಂದ್ಯಗಳನ್ನು ನಡೆಸುತ್ತಿತ್ತು. ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳೂ ಅಲ್ಲಿ ಓಡಿ ಹೆಸರು ಗಳಿಸಿದ್ದವು. ೧೯೯೦ರಲ್ಲಿ ಇರುಂಗಾಟ್ಟುಕೋಟೈಯ ಹೊಸ ಪಥವು ಸಿದ್ಧವಾಯಿತು. ಒಂದು ಸುತ್ತಿಗೆ ೩.೭ ಕಿಲೋಮೀಟರು, ತಿರುವುಗಳು ೧೨. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಸಾಮಾನ್ಯರು ಶುಲ್ಕ ತೆತ್ತು ತಮ್ಮ ನಿತ್ಯದ ಗಾಡಿಯನ್ನೇ ಅಲ್ಲಿ ಓಡಿಸಬಹುದು. ಇದಕ್ಕೆ 'ಟ್ರ್ಯಾಕ್ ಡೇ' ಎನ್ನುತ್ತಾರೆ. ಅಲ್ಲಿ ಗೆಲುವಿಲ್ಲ, ಬಹುಮಾನವಿಲ್ಲ.

ಶಿರಸಿ, ಹಾವೇರಿ, ಬೆಂಗಳೂರುಗಳ ಮಾರ್ಗವಾಗಿ ಎರಡು ದಿನ ಪ್ರಯಾಣ ಮಾಡಿ ಅಲ್ಲಿಗೆ ತಲುಪಿದೆವು. ಮರುದಿನ ಬೆಳಿಗ್ಗೆ ಮೊದಲು ಗಾಡಿಯ ಪರೀಕ್ಷೆ. ಬ್ರೇಕು, ಚೈನು, ಟೈರು, ಒಂದೊಂದು ಬೋಲ್ಟು ನೋಡುತ್ತಾರೆ. ಕನ್ನಡಿ ಬಿಚ್ಚಿಸಿ, ದೀಪಗಳ ಗಾಜಿಗೆ ಟೇಪು ಅಂಟಿಸುತ್ತಾರೆ. ಒಬ್ಬನು ಬಿದ್ದರೆ ಗಾಜಿನ ಚೂರು ಮತ್ತೊಬ್ಬನ ಚಕ್ರಕ್ಕೆ ಸಿಗಬಾರದಲ್ಲವೇ? ಅನಂತರ ಸವಾರನ ಪರೀಕ್ಷೆ. ಮುಖ ಮುಚ್ಚುವ ಹೆಲ್ಮೆಟ್ಟು, ಮೈತುಂಬ ಚರ್ಮದ ಉಡುಪು, ಕೈಗವಸು, ಹರಡು ಮುಚ್ಚುವ ಬೂಟು. ಮೈಮೇಲೆ ಗಟ್ಟಿಯಾದ ವಸ್ತು ಯಾವುದೂ ಇರಬಾರದೆಂದರು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸುವಂತಿಲ್ಲ. ಬೆಳ್ಳಿಯ ಕರಡಿಗೆಯನ್ನು ಬಿಟ್ಟು, ಮೆತ್ತನೆಯ ಲಿಂಗವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡೆನು. ಅಲ್ಲಿಯ ಹಿರಿಯರು ವಿಷಯ ತಿಳಿದು ಗೌರವದಿಂದ ಒಪ್ಪಿದರು.

ಬಳಿಕ ಪಾಠ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಕೂಡದು. ಕೆಂಪು ಬಾವುಟಕ್ಕೆ ಎಲ್ಲರೂ ನಿಧಾನವಾಗಿ ಮರಳಬೇಕು. ಕಪ್ಪು ಬಾವುಟ ತೋರಿಸಿದರೆ ಆ ಒಬ್ಬನು ಹೊರಗೆ ಬಂದು ಉತ್ತರ ಕೊಡಬೇಕು. ಬ್ರೇಕು ಹಾಕುವುದು ನೇರ ದಾರಿಯಲ್ಲಿ, ತಿರುವಿನೊಳಗೆ ಅಲ್ಲ. ಟೈರು ನೆಲವನ್ನು ಹಿಡಿಯುವ ಶಕ್ತಿಯು ಬಡವನ ಆದಾಯವಿದ್ದಂತೆ. ಬಾಗುವುದಕ್ಕೆ ಅದನ್ನೆಲ್ಲ ವೆಚ್ಚಮಾಡಿದ ಮೇಲೆ ಬ್ರೇಕಿಗೆ ಏನೂ ಉಳಿಯದು. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ನೆಟ್ಟಲ್ಲಿಗೆ ಗಾಡಿ ಹೋಗುತ್ತದೆ. ಆದ್ದರಿಂದ ತಿರುವು ಮುಗಿಯುವ ಕಡೆಗೆ ದೃಷ್ಟಿ ಇಡಬೇಕು. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ಅಭ್ಯಾಸವುಳ್ಳವರಿಗೆ ಇದು ಹೊಸ ಮಾತಲ್ಲವೆಂದು ನಾನು ಮನಸ್ಸಿನಲ್ಲಿ ಹಿಗ್ಗಿದೆನು.

ಆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಇಪ್ಪತ್ತು ನಿಮಿಷಗಳ ಮೊದಲ ಸರದಿಯನ್ನು ವಿಧೇಯನಾಗಿ ಮುಗಿಸಿದೆನು. ಎರಡನೆಯ ಸರದಿಯಲ್ಲಿ ನನಗಿಂತ ಚಿಕ್ಕ ಗಾಡಿಯ ಮೇಲೆ ಒಬ್ಬ ಹುಡುಗನು ಸಲೀಸಾಗಿ ನನ್ನನ್ನು ದಾಟಿ ಹೋದನು. ಮೂವತ್ತು ವರ್ಷ ಗಾಡಿ ಹೊಡೆದವನೆಂಬ ಅಹಂಕಾರವು ಹೆಡೆಯೆತ್ತಿತು. ದಾರಿ ನೋಡುವುದನ್ನು ಬಿಟ್ಟು ಅವನ ಬೆನ್ನನ್ನೇ ನೋಡುತ್ತ ಹಿಂಬಾಲಿಸಿದೆನು. ತಿರುವು ಬಂದಾಗ ವೇಗ ಹೆಚ್ಚಿತ್ತು, ಬ್ರೇಕು ತಡವಾಯಿತು; ಗಾಡಿಯು ಡಾಂಬರು ದಾಟಿ ಹುಲ್ಲಿನೊಳಗೆ ನುಗ್ಗಿತು. ಬೀಳಲಿಲ್ಲ. ಅಲ್ಲಿ ಬಂಡೆಯಿರಲಿಲ್ಲ, ಮರವಿರಲಿಲ್ಲ, ಎದುರು ಬಸ್ಸು ಇರಲಿಲ್ಲ. ಇದ್ದದ್ದು ಬಯಲು ಮಾತ್ರ.

ನನಗೆ ಕಪ್ಪು ಬಾವುಟ ತೋರಿಸಿದರು. ಹೊರಗೆ ಬಂದು, ನನ್ನ ಮಗನ ವಯಸ್ಸಿನ ಶಿಕ್ಷಕನ ಮುಂದೆ ಹೆಲ್ಮೆಟ್ಟು ತೆಗೆದು ನಿಂತೆನು. ಪಂಚಾಚಾರಗಳಲ್ಲಿ ಭೃತ್ಯಾಚಾರವನ್ನು ಎಷ್ಟು ಸಲ ಬಾಯಿಪಾಠ ಒಪ್ಪಿಸಿದ್ದೆನೋ! ಅದನ್ನು ಆಚರಿಸುವ ಪ್ರಸಂಗ ಅಲ್ಲಿ ಬಂದಿತು. ನನ್ನ ತಮ್ಮನ ಮಗನು ನೀರು ತಂದುಕೊಟ್ಟನು. ನಗಲಿಲ್ಲ. "ದೇವಿಮನೆಯಲ್ಲಿ ನನಗೂ ಹಿಂಗ ಆಗಿತ್ತು ದೊಡ್ಡಪ್ಪಾ" ಎಂದಷ್ಟೇ ಹೇಳಿದನು. ನಮ್ಮಿಬ್ಬರ ತಪ್ಪು ಒಂದೇ, ಸ್ಥಳ ಮಾತ್ರ ಬೇರೆ. ಅವನ ಎಲುಬು ಮುರಿದಿತ್ತು. ನನ್ನ ಬೂಟಿಗೆ ಹುಲ್ಲು ಅಂಟಿತ್ತು. ಅಂದಿನಿಂದ ನಾನು ಅವನನ್ನು ಬೈದಿಲ್ಲ.

ಮರಳಿ ಬರುವಾಗ ದೇವಿಮನೆ ಘಟ್ಟವನ್ನು ನಾವಿಬ್ಬರೂ ನಿಧಾನವಾಗಿ ಇಳಿದೆವು. ಪಥದಲ್ಲಿ ಕಲಿತ ಮೇಲೆ ದಾರಿಯ ಭಯ ಕಡಿಮೆಯಾಗಬಹುದೆಂದು ಎಣಿಸಿದ್ದೆನು, ಅದು ಹೆಚ್ಚಾಗಿತ್ತು. ಪಥದ ತಿರುವನ್ನು ಪ್ರತಿ ಸುತ್ತಿನಲ್ಲೂ ಕಾಣುತ್ತೇವೆ. ಎಲ್ಲರೂ ಒಂದೇ ದಿಕ್ಕಿಗೆ ಸಾಗುತ್ತಾರೆ. ನಮ್ಮ ಹೆದ್ದಾರಿಯಲ್ಲಿಯೋ ಮೀನಿನ ಲಾರಿ ಸುರಿಸಿದ ನೀರಿದೆ, ಮಳೆಗಾಲದ ರಾತ್ರಿ ಡಾಂಬರಿನ ಮೇಲೆ ಮಲಗಿದ ದನಗಳಿವೆ, ಶಾಲೆ ಬಿಟ್ಟ ಮಕ್ಕಳಿದ್ದಾರೆ. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡಿಗೆ ೨೨ ಮೀಟರು ಸಾಗಿರುತ್ತೇವೆ. ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ನಿಲ್ಲುವ ದೂರವು ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕವನ್ನು ನಾನು ಶಾಲೆಯಲ್ಲಿಯೇ ಕಲಿತಿದ್ದೆ. ಅದು ಮೈಗೆ ತಿಳಿದದ್ದು ಆ ಹುಲ್ಲಿನಲ್ಲಿ.

ದಿವಗಿಯ ಬಳಿ ಅಘನಾಶಿನಿಯ ದಡದಲ್ಲಿ ಸ್ವಲ್ಪ ಹೊತ್ತು ನಿಂತೆವು. ಶಿರಸಿಯ ಕಡೆ ಹುಟ್ಟಿ, ಅಣೆಕಟ್ಟಿನ ತಡೆಯಿಲ್ಲದೆ ಹರಿದುಬರುವ ನದಿಯಿದು. ಉಂಚಳ್ಳಿಯಲ್ಲಿ ೧೧೬ ಮೀಟರು ಎತ್ತರದಿಂದ ಧುಮುಕುವ ನೀರೇ, ಗದ್ದೆ ಮನೆಗಳಿರುವ ಈ ಬಯಲಿಗೆ ಬಂದಾಗ ಸದ್ದಿಲ್ಲದೆ ಸಾಗುತ್ತದೆ. ಧುಮುಕುವುದಕ್ಕೆ ಅದಕ್ಕೊಂದು ಸ್ಥಳ, ಸಾಗುವುದಕ್ಕೊಂದು ಸ್ಥಳ. ಅಜ್ಜನವರ ಮಾತು ಅಲ್ಲಿ ನೆನಪಾಯಿತು.

ಓದುಗ ಬಂಧುಗಳೇ, ಎಲ್ಲರೂ ಇರುಂಗಾಟ್ಟುಕೋಟೈಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಶುಲ್ಕ, ಉಡುಪು, ಪ್ರಯಾಣಗಳ ವೆಚ್ಚವು ಸಣ್ಣದಲ್ಲ. ಬಿದ್ದರೆ ಗಾಡಿಯ ಸಾಮಾನ್ಯ ವಿಮೆಯು ಅಲ್ಲಿಯ ನಷ್ಟ ತುಂಬಿಕೊಡುವುದೆಂದು ನಂಬುವಂತಿಲ್ಲ. ಆದರೆ ಗಾಡಿ ಕೊಡಿಸುವ ತಂದೆಯು ಮಗನನ್ನು ಒಂದು ಮುಂಜಾನೆ ಖಾಲಿ ಮೈದಾನಕ್ಕೆ ಕರೆದೊಯ್ದು, ಎರಡೂ ಬ್ರೇಕು ಹಿಡಿದು ನೇರವಾಗಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿಸಬಹುದು, ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಗಾಡಿಯೊಡನೆಯೇ ತರಬಹುದು. ಸಾರ್ವಜನಿಕ ರಸ್ತೆಯ ಮೇಲೆ ಪಂದ್ಯ ಕಟ್ಟುವುದು ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ದಂಡನಾರ್ಹವೆಂಬುದನ್ನೂ ತಿಳಿಸಬಹುದು. ಬಿದ್ದ ಮೇಲೆ ಬೈಯುವುದಕ್ಕಿಂತ, ಬೀಳುವ ಮೊದಲು ಜೊತೆಗೆ ಹೋಗುವುದು ಮೇಲು.

ಯೌವನದ ವೇಗವನ್ನು ಕಟ್ಟಿಹಾಕಲು ಯಾರಿಂದಲೂ ಆಗದು. ಅದಕ್ಕೊಂದು ಬಯಲು ತೋರಿಸುವುದು ಹಿರಿಯರ ಹೊಣೆ. ರಸ್ತೆಯು ನಮ್ಮೆಲ್ಲರ ಪಂಕ್ತಿ. ಅಲ್ಲಿ ಎಲ್ಲರ ಎಡೆಯೂ ಇದೆ.